ಮಾವನ ಬೈಕಿನ ಟಕಟಕ

ಬಿಚ್ಚಿ ಕಟ್ಟಿದ ಎಂಜಿನ್ ಮೊದಲ ಕಿಕ್ಕಿಗೇ ಹೊತ್ತಿಕೊಂಡಾಗ ಬೆಳ್ತಂಗಡಿಯ ಆ ವರ್ಕ್‌ಶಾಪಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ವಲ್ಪ ಬಿಸಿಯಾಗುವಷ್ಟರಲ್ಲಿ ಒಳಗಿನಿಂದ ಯಾರೋ ಬಾಗಿಲು ತಟ್ಟುವ ಹಾಗೆ ಟಕ್ ಟಕ್ ಶುರುವಾಯಿತು. ನಗು ನಿಲ್ಲಿಸಿದವನು ನಾನೊಬ್ಬನೇ. ಹೊಸ ಪಿಸ್ಟನ್ ಅಲ್ಲವೇ, ಎಂಜಿನ್ ಕೂತುಕೊಳ್ಳಬೇಕು ಎಂದರು ಮೆಕ್ಯಾನಿಕ್. ಎಂಜಿನ್ ಎಲ್ಲಿ ಕೂರುತ್ತದೆ, ಕೂತದ್ದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೂತುಕೊಳ್ಳಲಿ ಎಂದು ಮೂಡುಬಿದಿರೆಯ ತನಕ ಮೆಲ್ಲನೆ ಬಂದೆ. ಅದು ಕೂರಲಿಲ್ಲ.

ಬೈಕು ನನ್ನ ಸೋದರಮಾವನದ್ದು. ಬೆಳುವಾಯಿಯ ಮಾವ ಒಂದು ಕಾಲದಲ್ಲಿ ಸರ್ವಿಸ್ ಬಸ್ಸು ಇಟ್ಟುಕೊಂಡಿದ್ದವರು. ಜಗಲಿಯಲ್ಲಿ ಕೂತು, ದೂರದ ಏರಿನಲ್ಲಿ ಬರುವ ಬಸ್ಸಿನ ಸದ್ದು ಕೇಳಿಯೇ ಅದು ಯಾರ ಬಸ್ಸು, ಇವತ್ತು ಡ್ರೈವರ್ ಯಾರು, ಗೇರ್‌ಬಾಕ್ಸಿಗೆ ಎಣ್ಣೆ ಉಂಟೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದರು. ಮಾವನ ಕಿವಿ ಎಂದರೆ ನಮ್ಮ ಕುಟುಂಬದಲ್ಲಿ ಹೈಕೋರ್ಟು. ಆ ಕಿವಿಯ ಮುಂದೆ ನಾನು ಈ ಬೈಕನ್ನು ನಿಲ್ಲಿಸಬೇಕಿತ್ತು.

ಏಕೆಂದರೆ ನಮ್ಮದು ಅಳಿಯಕಟ್ಟಿನ ಮನೆತನ. ಹಿಂದೆ ಮಾವನದ್ದೆಲ್ಲ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ. ಈಗ ಕಾನೂನು ಬೇರೆ. ಗದ್ದೆ, ತೋಟ, ಮನೆ ಎಲ್ಲ ಮಗನಿಗೆ. ಅದು ನ್ಯಾಯವೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಅಳಿಯ ಎಂಬ ಪದವಿಯಲ್ಲಿ ಈಗ ಉಳಿದಿರುವುದು ಮದುವೆಮನೆಯಲ್ಲಿ ಮಾವನ ಪಕ್ಕ ನಿಲ್ಲುವ ಹಕ್ಕು ಮಾತ್ರ. ಹೀಗಿರುವಾಗ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಮಲಗಿದ್ದ ಬೈಕನ್ನು ನಾನೂ ಕೇಳಿದೆ, ದುಬೈಯಿಂದ ರಜೆಯಲ್ಲಿ ಬಂದಿದ್ದ ಮಾವನ ಮಗನೂ ಕೇಳಿದ. ಮಾವ ತೀರ್ಪು ಕೊಟ್ಟರು. "ನೀನು ಸರಿಮಾಡಿ ತಾ. ಅಂಗಳದಲ್ಲಿ ಸ್ಟಾರ್ಟ್ ಮಾಡು, ನಾನು ಕೇಳ್ತೇನೆ. ಕೆಟ್ಟ ಶಬ್ದ ಇಲ್ಲದಿದ್ರೆ ನಿನಗೆ. ಉಂಟಾದ್ರೆ ಇವನಿಗೆ, ಇವ ಹೇಗೂ ಓಡಿಸುವವ ಅಲ್ಲ, ಮನೆ ಎದುರು ಶೋಕಿಗೆ ಇಡ್ತಾನೆ."

ನನಗೆ ಆ ಬೈಕು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇದು ನನ್ನ ಅಳಿಯನಿಗೆ ಎಂದು ಮಾವ ನಾಲ್ಕು ಜನರ ಮುಂದೆ ಹೇಳುವುದನ್ನು ಕೇಳಬೇಕಿತ್ತು. ಈ ವಯಸ್ಸಿನಲ್ಲಿ ಇಂಥ ಆಸೆಯೇ ಎಂದು ಹೆಂಡತಿ ನಕ್ಕಳು. ನಗಲಿ.

ಮತ್ತೆ ಬೆಳ್ತಂಗಡಿಗೆ ಹೋದೆ. ಟ್ಯಾಪೆಟ್ ಬಿಗಿ ಮಾಡಿದರು, ಶಬ್ದ ಹೋಗಲಿಲ್ಲ. ಆಗ ಮೆಕ್ಯಾನಿಕ್ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು ಕಣ್ಣು ಮುಚ್ಚಿದರು. ಡಾಕ್ಟರು ಹೀಗೆ ಕಣ್ಣು ಮುಚ್ಚಿದರೆ ರೋಗಿ ಅರ್ಧ ಸತ್ತ ಹಾಗೆಯೇ. ಕಣ್ಣು ತೆರೆದು, ತಪ್ಪು ಬಂಟ್ವಾಳದ್ದು ಎಂದರು. ಹೊಸ ಪಿಸ್ಟನ್ನಿಗೆ ಸರಿಯಾಗಿ ಸಿಲಿಂಡರ್ ಕೊರೆದ ಲೇಥ್ ಅಲ್ಲಿಯದ್ದು. ಬಂಟ್ವಾಳಕ್ಕೆ ಹೋದೆ. ಲೇಥಿನವರು ಬೈಕನ್ನು ನೋಡುವ ಮೊದಲೇ ಜೋಡಿಸಿದ್ದು ಎಲ್ಲಿ ಎಂದು ಕೇಳಿದರು, ಬೆಳ್ತಂಗಡಿಯಲ್ಲಿ ಎಂದೆ. ಮರಣದ ಸುದ್ದಿ ಕೇಳಿದವರ ಹಾಗೆ ತಲೆ ಆಡಿಸಿದರು. ಅಲ್ಲಿಗೆ ಅವರ ಪರೀಕ್ಷೆ ಮುಗಿಯಿತು. ಬೆಳ್ತಂಗಡಿಯವರು ಬಂಟ್ವಾಳವನ್ನೂ ಬಂಟ್ವಾಳದವರು ಬೆಳ್ತಂಗಡಿಯನ್ನೂ ದೂರಿದರು. ಮೂಡುಬಿದಿರೆಯಲ್ಲಿ ಎರಡೂ ಊರುಗಳನ್ನು ದೂರುವ ಸೌಲಭ್ಯವಿತ್ತು.

ನನ್ನದು ಮೂಡುಬಿದಿರೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದರೆದುರು ಬೈಕು ಸ್ಟಾರ್ಟ್ ಮಾಡಿದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ಬಗ್ಗಿ ಕಿವಿ ಕೊಡುತ್ತಿದ್ದರು. ನಮ್ಮ ಕಡೆ ಸುಮ್ಮನೆ ದಾಟಿ ಹೋಗುವುದು ಅಗೌರವ. ಪುತ್ತಿಗೆಯ ಪಂಪ್‌ಸೆಟ್ ರಿಪೇರಿಯವರಿಗೆ ಅದು ಬೇರಿಂಗ್ ಸವೆದ ಪಂಪಿನ ಹಾಗೆ ಕೇಳಿಸಿತು. ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು, ಶಬ್ದ ಇರುವುದು ಎಂಜಿನಿನಲ್ಲಿ ಅಲ್ಲ, ಪೆಟ್ರೋಲಿನಲ್ಲಿ ಎಂದು ನಿಧಾನವಾಗಿ, ಗ್ರಾಂಥಿಕ ಕನ್ನಡದಲ್ಲಿ ವಿವರಿಸಿದರು. ಜೆರಾಕ್ಸಿಗೆಂದು ಬಂದವರೊಬ್ಬರು ಜೆರಾಕ್ಸ್ ಮರೆತು, ಇದಕ್ಕೆ ಜೋಯಿಸರಲ್ಲಿ ಒಂದು ಪ್ರಶ್ನೆ ಇಡಿಸುವುದು ಒಳ್ಳೆಯದು, ಹಳೆಯ ವಸ್ತು ಅಲ್ವಾ ಎಂದು ಸಲಹೆ ಕೊಟ್ಟು ಹೋದರು.

ಉಳಿದದ್ದು ಹಳೇ ಬೈಕಿನವರ ವಾಟ್ಸಾಪ್ ಗುಂಪು. ಊರಿನಲ್ಲಿ ಇರುವುದಕ್ಕಿಂತ ಹೆಚ್ಚು ಪರಿಣತರು ಗಲ್ಫಿನಲ್ಲಿದ್ದಾರೆ. ಒಂದು ಬೆಳಿಗ್ಗೆ ಮನೆಯ ಹಿಂಬದಿ ಎಂಜಿನ್ ಚಾಲು ಮಾಡಿ, ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಮಸ್ಕತ್ತಿನವರು ಬಿಗ್ ಎಂಡ್ ಬೇರಿಂಗ್ ಹೋಗಿದೆ ಎಂದರು. ಕುವೈತಿನವರು ಒಪ್ಪಿದರು. ದೋಹಾದವರು ಇನ್ನು ಒಂದು ಮೈಲಿ ಓಡಿಸಿದರೂ ಕ್ರ್ಯಾಂಕ್ ಹೊರಗೆ ಬರುತ್ತದೆ ಎಂದು ಹೆದರಿಸಿದರು. ನಾನು ಬೆವತುಹೋದೆ. ಹೆಂಡತಿ ರೆಕಾರ್ಡನ್ನು ಒಮ್ಮೆ ಕೇಳಿ, ಅದು ನಮ್ಮ ಗ್ರೈಂಡರ್, ನಾನಾಗ ಅಕ್ಕಿ ಕಡೆಯುತ್ತಿದ್ದೆ ಎಂದಳು. ಗುಂಪಿಗೆ ವಿಷಯ ತಿಳಿಸಿದೆ. ಹಾಗಾದರೆ ಗ್ರೈಂಡರಿನ ಬೇರಿಂಗ್ ಬದಲಿಸಿ ಎಂದು ಮಸ್ಕತ್ತಿನಿಂದ ಉತ್ತರ ಬಂತು. ಸೋಲೊಪ್ಪುವ ಜಾಯಮಾನ ನಮ್ಮವರದ್ದಲ್ಲ.

ಕೊನೆಗೆ ಬೆಳ್ತಂಗಡಿಯವರೇ ಎಂಜಿನನ್ನು ಪುನಃ ಬಿಚ್ಚಿ ಕಾರಣ ಹಿಡಿದರು. ಪಿಸ್ಟನ್ನನ್ನು ಹಿಡಿದಿಡುವ ಪಿನ್ನಿಗೆ ಒಂದು ಬುಶ್ ಇರುತ್ತದೆ, ಅದು ಕೂದಲೆಳೆಯಷ್ಟು ಸಡಿಲ. ಓಡಿಸಲು ತೊಂದರೆ ಇಲ್ಲ, ಆದರೆ ಬಿಸಿಯಾದಾಗ ಟಕಟಕ ತಪ್ಪುವುದಿಲ್ಲ. ಹೊಸ ಬುಶ್ ಬಂಟ್ವಾಳದ ಲೇಥಿನಲ್ಲೇ ಕಡೆಯಬೇಕು. ಲೇಥಿನವರೋ ಅವರ ಊರಿನ ದೇವಸ್ಥಾನದ ಬ್ರಹ್ಮಕಲಶದ ಸಮಿತಿಯಲ್ಲಿ. ನಮ್ಮ ಜಿಲ್ಲೆಯಲ್ಲಿ ಬ್ರಹ್ಮಕಲಶ ಮುಗಿಯುವ ತನಕ ಯಾವ ಲೇಥೂ ತಿರುಗುವುದಿಲ್ಲ. ಇದ್ದ ಬುಶ್ಶನ್ನೇ ಹಾಕಿ ಜೋಡಿಸಿಕೊಟ್ಟರು.

ಅಷ್ಟರಲ್ಲಿ ಮಾವನ ಫೋನು. ಭಾನುವಾರ ತಾ, ಇವನಿಗೆ ಮಂಗಳವಾರ ದುಬೈಗೆ ಹೋಗ್ಲಿಕ್ಕುಂಟು ಎಂದರು. ಮಾವ, ಇನ್ನೊಂದು ವಾರ ಎಂದು ನಾನು ಬಾಯಿ ತೆರೆಯುವಾಗ ಫೋನ್ ಇಟ್ಟಾಗಿತ್ತು. ಅವರು ಫೋನಿನಲ್ಲಿ ಹೇಳುವುದನ್ನು ಹೇಳಿ ಇಡುವವರು. ಹಿರಿಯರ ಗತ್ತು ಎಂದೇ ನಾವೆಲ್ಲ ತಿಳಿದುಕೊಂಡಿದ್ದೆವು.

ಭಾನುವಾರ ಹೋದೆ. ಬೆಳುವಾಯಿಗೆ ಮುಟ್ಟುವಾಗ ಎಂಜಿನ್ ಕಾದು ಕೆಂಡವಾಗಿತ್ತು, ಟಕಟಕ ಅಂಗಳವಿಡೀ ಕೇಳುತ್ತಿತ್ತು. ಬಿಸಿ ಎಂಜಿನ್ ಬಂದ್ ಮಾಡಿದರೆ ಮತ್ತೆ ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಚಾಲು ಇಟ್ಟೇ ಸ್ಟ್ಯಾಂಡ್ ಹಾಕಿದೆ. ಜಗಲಿಯಲ್ಲಿ ಅತ್ತೆ, ಅವರ ಪಕ್ಕ ಮಗ, ಕುರ್ಚಿಯಲ್ಲಿ ಮಾವ. ಮಾವ ಎದ್ದು ಬಂದು, ಎರಡು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತು ನನ್ನ ಮುಖವನ್ನೇ ನೋಡಿದರು. ನನಗೆ ಮುಖ ಎತ್ತಲಾಗಲಿಲ್ಲ. ಅವರ ಬಾಯಿಂದ ಬರುವ ಮಾತಿಗೆ ಕಾದೆ.

"ಮತ್ತೆ ಯಾಕೆ ನಿಂತದ್ದು? ಸ್ಟಾರ್ಟ್ ಮಾಡು" ಎಂದರು ಮಾವ.

ಎಂಜಿನ್ ನನ್ನ ಕಾಲ ಬುಡದಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ನಾನು ಜಗಲಿಯ ಕಡೆ ನೋಡಿದೆ. ಅತ್ತೆ ನೆಲ ನೋಡುತ್ತಿದ್ದರು. ಮಾವನ ಕಿವಿಯ ವಿಷಯ ಅವರಿಗೆ ಗೊತ್ತಿತ್ತು. ನಮಗ್ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಮಾವ ಹೇಳುವವರು, ಅಳಿಯಂದಿರು ತಲೆ ಆಡಿಸುವವರು, ಎದುರು ಮಾತಿಲ್ಲ. ಎಷ್ಟೋ ಸಮಯದಿಂದ ನಾವು ಅವರು ಕೇಳಿಸಿಕೊಳ್ಳಬೇಕಾದ ಒಂದು ಮಾತನ್ನೂ ಆಡಿರಲಿಲ್ಲ. ಅದನ್ನು ಮರ್ಯಾದೆ ಎಂದು ಕರೆದುಕೊಂಡಿದ್ದೆವು. 

ಟ್ಯಾಂಕಿನ ಮರೆಯಲ್ಲಿ ಕೈ ಇಟ್ಟು ಎಂಜಿನ್ ಬಂದ್ ಮಾಡಿದೆ. ಮತ್ತೆ ಅವರಿಗೆ ಸರಿಯಾಗಿ ಕಾಣುವ ಹಾಗೆ ಕಿಕ್ ಹೊಡೆದೆ. ಪುಣ್ಯಕ್ಕೆ ಹೊತ್ತಿಕೊಂಡಿತು. ಟಕಟಕಕ್ಕೆ ಅಂಗಳದ ನಾಯಿ ಎದ್ದು ದನದ ಹಟ್ಟಿಯ ಕಡೆ ಹೋಯಿತು. ಮಾವ ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಹಿಂದೆ ಬಸ್ಸುಗಳನ್ನು ಕೇಳುತ್ತಿದ್ದ ಹಾಗೆಯೇ ಬಹಳ ಹೊತ್ತು ಕೇಳಿದರು.

"ಒಳ್ಳೆ ಕೆಲಸ. ಒಂದು ಚೂರು ಶಬ್ದ ಇಲ್ಲ" ಎಂದು ಮಗನ ಕಡೆ ತಿರುಗಿದರು. "ನಿನಗೆ ಏನಾದ್ರೂ ಕೇಳಿತಾ?"

ಮಗ ಒಂದು ಮಾತು ಹೇಳಿದ್ದರೆ ಬೈಕು ಅವನದ್ದಾಗುತ್ತಿತ್ತು. ಅವನು ನನ್ನನ್ನು ನೋಡಿದ, ಅಮ್ಮನನ್ನು ನೋಡಿದ. ಮತ್ತೆ ಅಪ್ಪನಿಗೆ ಕಾಣುವಷ್ಟು ದೊಡ್ಡದಾಗಿ, ಇಲ್ಲವೆಂದು ತಲೆ ಆಡಿಸಿದ.

"ಹಾಗಾದ್ರೆ ಇದು ನನ್ನ ಅಳಿಯನಿಗೆ" ಎಂದರು ಮಾವ, ಹಳೆಯ ಗತ್ತಿನಲ್ಲಿ.

ನನಗೆ ಬೇಕಾಗಿದ್ದ ಮಾತು ಅದೇ. ಆಯ್ತು ಮಾವ ಎಂದೆ. ಅವರಿಗೆ ಕೇಳಿಸಲಿಲ್ಲ. ಎಂಜಿನ್ ನಿಲ್ಲಿಸಿ ಅವರ ಹತ್ತಿರ ಹೋಗಿ, ಹುಟ್ಟಿದ ಮೇಲೆ ಮೊದಲ ಸಲ, ಮಾವನ ಎದುರು ಧ್ವನಿ ಏರಿಸಿ ಅದನ್ನೇ ಮತ್ತೆ ಹೇಳಿದೆ.