ತಾಯಿ ನನ್ನನ್ನೇ ಸಟನ್‌ಗೆ ಕಳಿಸಿದಳು

ಮೊನ್ನೆ ಭಾನುವಾರ ನನ್ನ ಮಗಳು ಸವಿತಾ, ಸುಮಾರು ಮೂರು ವರ್ಷಗಳ ನಂತರ, ನಮ್ಮ ಮನೆಗೆ ಬಂದಳು. ಮೊಮ್ಮಗಳು ಇರಾಳನ್ನು ಮೊದಲ ಸಲ ಎತ್ತಿಕೊಂಡೆ. ಬನಶಂಕರಿ ತಾಯಿಯ ಭಕ್ತರಿಗೆಲ್ಲ ಇದನ್ನು ಹೇಳದೆ ಇರಲಾರೆ. ನಾನು ಓದಿದ್ದು ಮೂರನೆಯ ಇಯತ್ತೆವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾವು ವಿಜಯಪುರದ ಕಡೆಯವರು. ನಾನೂ ಯಜಮಾನರೂ ಲಂಡನ್ನಿನ ಕೆಂಟನ್‌ನಲ್ಲಿದ್ದೇವೆ. ಸವಿತಾ ಊರಿನ ಆ ತುದಿ, ಸಟನ್‌ನಲ್ಲಿ ನರ್ಸ್. ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಕೂಸು ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದರು. ಅದನ್ನು ನೋಡಿ ಬಂದವಳೇ ಬಾಣಂತಿಯ ಹಾಸಿಗೆಯ ಪಕ್ಕ ನಿಂತು ಅಂದೆ: "ಬಸರಿದ್ದಾಗ ಡ್ಯೂಟಿ ಡ್ಯೂಟಿ ಅಂತ ಓಡ್ಯಾಡಿದಿ. ನೀನ ಮಾಡ್ಕೊಂಡಿದ್ದು."

ಸವಿತಾ ಗೋಡೆಯ ಕಡೆ ಹೊರಳಿ, "ಮನಿಗೆ ಹೋಗವ್ವ" ಅಂದಳು.

ಅಷ್ಟೇ. ಆಮೇಲೆ ಫೋನೂ ಇಲ್ಲ, ಬರುವುದೂ ಇಲ್ಲ. ಅಳಿಯ ಕಳಿಸುತ್ತಿದ್ದ ಫೋಟೋಗಳಲ್ಲೇ ಕೂಸು ಕೂತಿತು, ನಿಂತಿತು, ನಡೆಯಿತು.

ನಮ್ಮಲ್ಲಿ ದಸರೆಗೆ ಬನ್ನಿ ಎಲೆ ಕೊಡುವ ಪದ್ಧತಿ. ಕಿರಿಯರು ಹಿರಿಯರ ಮನೆಗೆ ಬಂದು ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಕಾಲಿಗೆ ಬೀಳಬೇಕು. ಹಳೆಯ ಸಿಟ್ಟು ಅಲ್ಲಿಗೆ ಮುಗಿಯಬೇಕು. ಇಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು, ತಂಗಿ ಊರಿಂದ ಒಣಗಿಸಿ ಕಳಿಸುತ್ತಾಳೆ. ಎರಡು ದಸರೆ ಸಂಜೆವರೆಗೆ ಬಾಗಿಲು ಕಾದೆ. ನಾನು ಹಡೆದವಳು, ಹಿರಿಯಳು, ಅವಳೇ ಬರಬೇಕು. ದಿನವೂ ಬನಶಂಕರಿ ತಾಯಿಗೆ ದೀಪ ಹಚ್ಚಿ ಒಂದೇ ಬೇಡಿಕೆ: "ಆಕಿಗೆ ಒಳ್ಳೆ ಬುದ್ಧಿ ಕೊಡವ್ವ." ಬರಬರುತ್ತ ನನಗೆ ತಲೆ ಸುತ್ತು ಶುರುವಾಯಿತು. ಜಿಪಿ ಡಾಕ್ಟರು ರಕ್ತ ನೋಡಿ ಏನೂ ಇಲ್ಲ ಅಂದರು. ಮೊಮ್ಮಗಳನ್ನು ಮುಟ್ಟದೆಯೇ ಸಾಯುತ್ತೇನೆ ಎಂದು ನಂಬಿಬಿಟ್ಟಿದ್ದೆ.

ಈ ದಸರೆಯ ಮುಂಜಾನೆಯೂ ಹಾಗೆಯೇ ಬೇಡುತ್ತಿದ್ದಾಗ ಯಜಮಾನರು ಚಹಾ ಕುಡಿಯುತ್ತ, "ಇಷ್ಟ ದಿನ ಆಕಿಗೆ ಬುದ್ಧಿ ಕೇಳಿದಿ. ಇವತ್ತೊಂದಿನ ನಿನಗ ಕೇಳಿ ನೋಡು. ಸ್ಟಾಕ್ ಇದ್ರ ಕೊಟ್ಟಾಳು" ಅಂದರು.

ಸಿಟ್ಟು ಬಂತು. ಆದರೂ ಕಣ್ಣು ಮುಚ್ಚಿ "ನನಗ ಬುದ್ಧಿ ಕೊಡವ್ವ" ಅಂದೆ. ಅಂದದ್ದೇ ತಡ, ಆವತ್ತು ಆಪರೇಷನ್ನಿನ ಹೊಲಿಗೆಯ ಹೊಟ್ಟೆ ಹಿಡಿದು ಮಲಗಿದ್ದ ಮಗಳು ಕಣ್ಣಿಗೆ ಕಟ್ಟಿದಳು. ಅವತ್ತು ಕೂಸನ್ನು ನೋಡಿ ನನಗೆ ಜೀವ ಹೋಗುವಷ್ಟು ಹೆದರಿಕೆಯಾಗಿತ್ತು. ಹೆದರಿದ ಮನುಷ್ಯ ಯಾರ ಮೇಲಾದರೂ ತಪ್ಪು ಹೊರಿಸಿ ಹಗುರಾಗುತ್ತಾನೆ. ಕಾಮ, ಕ್ರೋಧ, ಮದ ಎಂದು ಆರು ವೈರಿಗಳ ಹೆಸರು ನನಗೆ ಬಾಯಿಪಾಠ. ಮದ ಅಂದರೆ ಶ್ರೀಮಂತರಿಗೆ ಇರುವುದು ಅಂದುಕೊಂಡಿದ್ದೆ. ಅದು ನನ್ನೊಳಗೇ ಹಿರಿತನದ ಸೀರೆ ಉಟ್ಟು ಕೂತಿತ್ತು.

ಬನ್ನಿ ಕಟ್ಟಿಕೊಂಡು ಹೊರಟೆ. ಯಜಮಾನರಿಗೆ ಮಂಡಿ ನೋವು, ದಾರಿಯ ಚೀಟಿ ಬರೆದುಕೊಟ್ಟರು. ನೆಲದಡಿಯ ಟ್ಯೂಬ್ ರೈಲನ್ನು ಒಬ್ಬಳೇ ಹತ್ತಿದವಳಲ್ಲ. ಸಿಕ್ಕವರಿಗೆಲ್ಲ ಚೀಟಿ ತೋರಿಸಿ ಸಟನ್ ರೈಲು ಹಿಡಿದೆ.

ಸವಿತಾ ಯೂನಿಫಾರಂನಲ್ಲೇ ಬಾಗಿಲು ತೆರೆದಳು. "ಯಾರ ಜೋಡಿ ಬಂದಿ?"

"ಒಬ್ಬಾಕಿನ." ಎಲೆ ಅವಳ ಕೈಗಿಟ್ಟೆ. "ಕೂಸು ಲಗೂ ಹುಟ್ಟಿದ್ದು ನಿನ್ನ ತಪ್ಪಲ್ಲ ಸವಿ. ಹೆದರಿ ಆಡಿದೆ. ತಪ್ಪು ನಂದು."

ಎಲೆಯನ್ನೇ ನೋಡುತ್ತ ನಿಂತಳು. "ಇರಾ ನರ್ಸರ್‍ಯಾಗ ಅದಾಳ. ನಂಗ ಡ್ಯೂಟಿಗೆ ಹೊತ್ತಾತು. ಸ್ಟೇಷನ್ ಮಟ ಬಿಡ್ತೀನಿ, ನಡಿ."

ಕಾರಿನಲ್ಲಿ ಕೂಡಿಸಿಕೊಂಡಳು. ಸ್ಟೇಷನ್ ಮುಂದೆ ನಾನು ಇಳಿಯುವಾಗ, "ನೀ ಒಂದ ಸಲ ಅಂದಿ. ನಾ ದಿನಾ ನನಗ ನಾನ ಅದನ್ನ ಅಂದ್ಕೊಂತಿದ್ದೆ" ಅಂದಳು. ಕಾರು ಹೋಯಿತು. ಬೆಂಚಿನ ಮೇಲೆ ಕೂತು ಅತ್ತೆ. ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಅವಳ ಎದೆಯ ಕಲ್ಲು ಇಳಿಸುವುದಕ್ಕೇ ತಾಯಿ ನನ್ನನ್ನು ಕಳಿಸಿದ್ದಳು ಎಂಬುದು ತಿಳಿಯಿತು.

ಭಾನುವಾರ ಸಂಜೆ ಬೆಲ್ ಆಯಿತು. ಮಗಳು, ಅಳಿಯ, ನಡುವೆ ಇರಾ. ತಾಯಿ ಬೇಡಿದ್ದನ್ನು ಕೊಡುವವಳೇ. ಸರಿಯಾದದ್ದನ್ನು ಬೇಡುವ ತನಕ ಕಾಯುತ್ತಾಳೆ. ಅವಳಿಗೆ ಸಾವಿರ ಶರಣು. ಐದೂ ಜನ ಒಟ್ಟಿಗೆ ಊಟಕ್ಕೆ ಕೂತೆವು. ನಾನು ಬಿಸಿ ರೊಟ್ಟಿ ಬಡಿದು ಹಾಕಲು ಎದ್ದರೆ ಸವಿತಾ, "ಕೂಡವ್ವ, ಇವತ್ತ ನಾ ಮಾಡ್ತೀನಿ" ಅಂದು ಒಲೆಯ ಮುಂದೆ ನಿಂತಳು. ಇರಾ ಎಣ್ಣೆಗಾಯಿಯ ಖಾರಕ್ಕೆ ಬಾಯಿ ಊದಿಕೊಳ್ಳುತ್ತ "ಮೋರ್, ಅಜ್ಜಿ" ಅಂದಳು. ನಾನು ತುತ್ತು ಮಾಡಿ ಅವಳ ಬಾಯಿಗಿಟ್ಟೆ.