ಬ್ಯಾಂಕರ್ ಆರು ಸಲ ಗೆದ್ದಾಗ

ಮಲೇಷ್ಯಾದ ನಿಲಾಯ್ ಎಂಬ ಊರಿನ ಕಾಲೇಜಿನಲ್ಲಿ ನಾನು ಸಂಭವನೀಯತೆಯ ಪಾಠ ಮಾಡುತ್ತೇನೆ. ಒಂದು ಭಾನುವಾರ ಊರಿಂದ ಬಂದ ನೆಂಟರಿಗೆ ತೋರಿಸಲೆಂದು ಬೆಟ್ಟದ ಮೇಲಿನ ಕ್ಯಾಸಿನೊಗೆ ಹೋಗಿದ್ದೆ. ಅಲ್ಲಿ ಬ್ಯಾಕರಾ ಎಂಬ ಇಸ್ಪೀಟಾಟ ನಡೆದಿತ್ತು. ಗೆಲ್ಲುವುದು ‘ಬ್ಯಾಂಕರ್’ ಕಡೆಯೋ ‘ಪ್ಲೇಯರ್’ ಕಡೆಯೋ ಎಂದು ಪಣ ಕಟ್ಟಬೇಕು. ಬ್ಯಾಂಕರ್ ಸತತ ಆರು ಸಲ ಗೆದ್ದಿತ್ತು. ನನ್ನ ಪಕ್ಕದಲ್ಲಿದ್ದ ತಮಿಳು ಹಿರಿಯರೊಬ್ಬರು ತಮ್ಮಲ್ಲಿ ಉಳಿದ ಪಣದ ಬಿಲ್ಲೆಗಳನ್ನೆಲ್ಲ ಪ್ಲೇಯರ್ ಮೇಲಿಟ್ಟರು.

“ಈ ಸಲ ಪ್ಲೇಯರ್ ಬರಲೇಬೇಕು ತಂಬಿ.”

ನನಗೆ ಸುಮ್ಮನಿರಲಾಗಲಿಲ್ಲ. ಹರಕು ತಮಿಳಿನಲ್ಲೇ ಹೇಳಿದೆ, “ಹಿಂದೆ ಯಾರು ಗೆದ್ದರು ಅಂತ ಎಲೆಗಳಿಗೆ ನೆನಪಿರಲ್ಲ ಅಂಕಲ್. ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಅವಕಾಶ, ಅಷ್ಟೇ.”

“ಆರು ಸಲ ಆಯ್ತು ಲಾ!” ಎಂದರು, ಅಲ್ಲಿನವರ ವಾಡಿಕೆಯಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

“ಅರವತ್ತು ಸಲ ಆದ್ರೂ ಅಷ್ಟೇ. ಇರೋದನ್ನೆಲ್ಲ ಇಡಬೇಡಿ.”

ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಅವರು ಒಲ್ಲದ ಮನಸ್ಸಿನಿಂದ ಬಿಲ್ಲೆಗಳನ್ನು ಹಿಂದಕ್ಕೆಳೆದುಕೊಂಡರು.

ಆಟ ನಡೆಸುವ ಕ್ಯಾಸಿನೊದವರು ಎಲೆಗಳನ್ನು ತಿರುಗಿಸಿದರು. ಪ್ಲೇಯರ್ ಗೆದ್ದಿತು.

ಹಿರಿಯರು ನನ್ನನ್ನೇ ದಿಟ್ಟಿಸಿದರು. “ಈಗ ಏನಂತೀಯ ತಂಬಿ?”

“ಈಗಲೂ ಅದನ್ನೇ ಹೇಳ್ತೀನಿ,” ಎಂದೆ. ನನ್ನ ಮುಖ ಬಿಸಿಯಾಗಿತ್ತು.

ಅವರು ಗೊಣಗುತ್ತಾ ಎದ್ದು, ಬಿಲ್ಲೆ ಕೊಟ್ಟು ದುಡ್ಡು ಪಡೆಯುವ ಕೌಂಟರಿನತ್ತ ನಡೆದರು.

ತರಗತಿಯಲ್ಲಿ ಈ ಘಟನೆಯನ್ನು ಪ್ರತಿ ವರ್ಷವೂ ಹೇಳುತ್ತೇನೆ. ಆದರೆ ಅವರು ಬಿಲ್ಲೆಗಳನ್ನು ಹಿಂದಕ್ಕೆಳೆದುಕೊಂಡಲ್ಲಿಗೇ ನಿಲ್ಲಿಸಿಬಿಡುತ್ತೇನೆ.