ಮಾಲತಿ ಅಂಬಿಗರ ಕೈಸುದ್ದಿ

ತಾಳೆಗರಿಯಿಂದ ಅಚ್ಚುಯಂತ್ರಕ್ಕೆ, ರೇಡಿಯೊದಿಂದ ಅಂಗೈಯ ಮೊಬೈಲಿಗೆ ಸಾಗಿಬಂದ ಸಂವಹನದ ಚರಿತ್ರೆಯನ್ನು ಬರೆದವರು ಬಹುಮಂದಿ. ಆ ಚರಿತ್ರೆಯ ಹೊರಗೇ ಉಳಿದ, ಕಿವಿ ಕೇಳದವರ ಬಾಗಿಲಿಗೆ ಸುದ್ದಿಯನ್ನು ಒಯ್ದವರು ವಿರಳ. ನಮ್ಮ ಕರಾವಳಿಯ ಮಟ್ಟಿಗೆ ಆ ವಿರಳರಲ್ಲಿ ಮೊದಲ ಹೆಸರು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಮಾಲತಿ ಅಂಬಿಗರದು.

ಹೊನ್ನಾವರದ ಬಳಿಯ ಮಾವಿನಕುರ್ವೆಯಲ್ಲಿ ಹುಟ್ಟಿದ ಮಾಲತಿಯವರು ಕುಮಟೆಯ ಕಿವುಡ ಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದಾಗ, ಮಕ್ಕಳು ತುಟಿಯ ಚಲನೆ ನೋಡಿಯೇ ಮಾತು ಕಲಿಯಬೇಕೆಂಬುದು ಎಲ್ಲೆಡೆ ನಡೆದುಬಂದ ಪದ್ಧತಿ. ತರಗತಿಯಲ್ಲಿ ಕೈಸನ್ನೆ ಮಾಡುವುದು ತಪ್ಪು. ಊಟದ ಬಿಡುವಿನಲ್ಲಿ ಮಾತ್ರ ಕೈಗಳಿಗೆ ಬಿಡುಗಡೆ ಸಿಕ್ಕಿ ಹರಟೆ, ಜಗಳ, ಕೀಟಲೆಗಳು ಅಂಗಳ ತುಂಬುತ್ತಿದ್ದವು. ಅದನ್ನು ಕಂಡ ಮಾಲತಿಯವರು ಮಕ್ಕಳ ನಡುವೆ ಕುಳಿತು ಅವರಿಂದಲೇ ಆ ಭಾಷೆ ಕಲಿತರು. ಮುಂದೆ ಮೈಸೂರಿಗೆ ಹೋಗಿ ಸಂಜ್ಞಾಭಾಷೆಯ ತರಬೇತಿ ಪಡೆದು, ಮೇಲಿನವರನ್ನು ಒಪ್ಪಿಸಿ, ಅದನ್ನು ತರಗತಿಯೊಳಕ್ಕೇ ಕರೆತಂದರು. ಜ್ವರದಿಂದ ನರಳುತ್ತಿದ್ದ ಅಮೂಲ್ಯಾ ಎಂಬ ಬಾಲಕಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು, ವೈದ್ಯರ ಪ್ರತಿಯೊಂದು ಮಾತನ್ನೂ ಸನ್ನೆಗೆ ತಿರುಗಿಸಿ ಅವಳ ಭಯ ನೀಗಿಸಿದ್ದನ್ನು ನಾವು ಸಹೋದ್ಯೋಗಿಗಳು ಇಂದಿಗೂ ನೆನೆಯುತ್ತೇವೆ.

ಅವರ ಕೆಲಸಕ್ಕೆ ಹೊಸ ತಿರುವು ಕೊಟ್ಟವನು ಹಳೆಯ ವಿದ್ಯಾರ್ಥಿ, ಭಟ್ಕಳ ತಾಲೂಕಿನ ತೆಂಗಿನಗುಂಡಿಯ ಮೀನುಗಾರ ತಿಮ್ಮ. ಮಳೆಗಾಲ ಮುಗಿದ ಹೊಸದರಲ್ಲಿ ಒಮ್ಮೆ ಬಿರುಗಾಳಿಯ ಎಚ್ಚರಿಕೆಯನ್ನು ರೇಡಿಯೊ ಹೇಳಿತು, ಜೀಪಿನ ಧ್ವನಿವರ್ಧಕ ಸಾರಿತು. ಏನೂ ತಿಳಿಯದ ತಿಮ್ಮ ಒಬ್ಬನೇ ಕಡಲಿಗಿಳಿದ. ದೋಣಿ ಒಡೆದು, ಹಲಗೆ ಹಿಡಿದು ಜೀವ ಉಳಿಸಿಕೊಂಡವನು ನೇರ ಶಾಲೆಗೆ ಬಂದು ಗುರುಗಳನ್ನು ಸನ್ನೆಯಲ್ಲೇ ಕೇಳಿದ: "ಊರಿಗೆಲ್ಲ ಗೊತ್ತಿತ್ತು. ನಂಗೆ ಎಂತಕ್ಕೆ ಯಾರೂ ಹೇಳ್ಲಿಲ್ಲ?"

ಮರುದಿನವೇ ಮಾಲತಿಯವರು ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿಟ್ಟು, ಅಂದಿನ ಸುದ್ದಿಯನ್ನು ಸನ್ನೆಯಲ್ಲಿ ಹೇಳಿ, ಆ ವೀಡಿಯೊವನ್ನು ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಳಿಸಿದರು. 'ಕೈಸುದ್ದಿ' ಹುಟ್ಟಿದ್ದು ಹೀಗೆ. "ಇದ್ನ ಯಾರು ನೋಡ್ತ್ರು?" ಎಂದು ನಕ್ಕವರಿಗೆ ಅವರದು ಒಂದೇ ಮಾತು: "ತಿಮ್ಮ ನೋಡಿದ್ರೆ ಆತು."

ಕಳೆದ ವರ್ಷ ಮತ್ತೆ ಅಂಥದೇ ಎಚ್ಚರಿಕೆ ಬಂದಾಗ ತಿಮ್ಮನದೂ ಸೇರಿ ತೆಂಗಿನಗುಂಡಿಯ ದೋಣಿಗಳು ಆಗಲೇ ಕಡಲಲ್ಲಿದ್ದವು. ಮಾಲತಿಯವರು ಪಾಠ ನಿಲ್ಲಿಸಿ ಕೈಸುದ್ದಿ ಕಳಿಸಿದರು. ಉಳಿದವರ ಫೋನುಗಳ ಕರೆ ಇಂಜಿನ್ನಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ತಿಮ್ಮನ ಸೊಂಟದಲ್ಲಿದ್ದ ಮೊಬೈಲು ಮಾತ್ರ ಅದುರಿ ಅವನನ್ನು ಎಚ್ಚರಿಸಿತು. ಅವನು ದೋಣಿಯ ಮೂತಿಯಲ್ಲಿ ನಿಂತು, ಎರಡೂ ಕೈ ಬೀಸಿ, ಗಾಳಿಯೆಂದೂ ದಡಕ್ಕೆಂದೂ ಸನ್ನೆ ಮಾಡಿದ. ದೋಣಿಗಳು ಒಂದೊಂದಾಗಿ ತಿರುಗಿದವು. ಬಿರುಗಾಳಿ ಎದ್ದಾಗ ಎಲ್ಲರೂ ದಡದಲ್ಲಿದ್ದರು.

ಮರುದಿನ ತಿಮ್ಮನ ತಾಯಿ ಗಣಪಿ ಬಂಗಡೆ ಮೀನಿನ ಬುಟ್ಟಿಯೊಂದಿಗೆ ಬಸ್ಸು ಹತ್ತಿ ಶಾಲೆಗೇ ಬಂದರು. "ಟೀಚರ್ರೇ, ನನ್ನ ಮಗಂಗೆ ಮೂಗ ಅಂತಿದ್ರು. ನಿನ್ನೆ ಇಡೀ ಊರಿಗೆ ಅವ್ನೇ ಹೇಳ್ದ!" ಎಂದು ಆ ತಾಯಿ ಅತ್ತರು. ಮಾಲತಿಯವರೂ ಅತ್ತರು; ಆಮೇಲೆ ಇಬ್ಬರೂ ನಕ್ಕರು.

ಇನ್ನು ವಿಶ್ರಾಂತಿ ಪಡೆಯಿರೆಂದು ನಾವು ಹೇಳುವ ಮೊದಲೇ ಅವರು ಹೊನ್ನಾವರದಲ್ಲೊಂದು ಕೋಣೆ ಹಿಡಿದು, ಕಿವಿ ಕೇಳದ ಮಕ್ಕಳ ತಂದೆತಾಯಿಯರಿಗೆ ಸಂಜ್ಞಾಭಾಷೆ ಕಲಿಸುವ ಏರ್ಪಾಡು ಮುಗಿಸಿದ್ದಾರೆ. ಆ ಕೋಣೆಯಲ್ಲಿ ತಾಯಂದಿರು ತಮ್ಮ ಮಕ್ಕಳೊಡನೆ ಮೊದಲ ಬಾರಿಗೆ ಮನಬಿಚ್ಚಿ ಮಾತಾಡಲಿ. ಅದನ್ನೆಲ್ಲ ಕಣ್ತುಂಬ ಕಾಣುವಷ್ಟು ಆಯುಸ್ಸೂ ಆರೋಗ್ಯವೂ ನಮ್ಮ ಮಾಲತಿಯವರಿಗಿರಲಿ.